ಮೂರನೇ ಸಾಲಿನ ಹನ್ನೊಂದನೇ ಕೊಳವೆ

೧೯೬೫ರಲ್ಲಿ ನಾನು ಮದರಾಸಿನ ಉತ್ತರದ ಅಂಚಿನಲ್ಲಿ, ಎಣ್ಣೂರಿನ ಒಂದು ಗೊಬ್ಬರದ ಕಾರ್ಖಾನೆಯಲ್ಲಿ ಕಿರಿಯ ಕೆಮಿಸ್ಟ್ ಆಗಿದ್ದೆ. ವಯಸ್ಸು ಇಪ್ಪತ್ತನಾಲ್ಕು, ಪ್ರೊಬೇಷನ್ ಮುಗಿಯಲು ಎರಡು ತಿಂಗಳು ಬಾಕಿ. ತಿರುವೊಟ್ಟಿಯೂರಿನಲ್ಲಿ ಬಾಡಿಗೆಯ ಕೋಣೆ. ಅದರಲ್ಲಿ ಒಂದು ಮಂಚ, ಒಂದು ಕಿಟಕಿ ಮತ್ತು ನಾನು. ಮೂವರಲ್ಲಿ ಹೆಚ್ಚು ಮಾತಾಡುತ್ತಿದ್ದುದು ಕಿಟಕಿ, ಅದೂ ಸಮುದ್ರದ ಗಾಳಿ ಎದ್ದಾಗ.

ಕಾರ್ಖಾನೆಯ ಜೀವವಿದ್ದದ್ದು ರಿಫಾರ್ಮರ್ ಎಂಬ ಕುಲುಮೆಯಲ್ಲಿ. ಮನೆಯಷ್ಟು ದೊಡ್ಡದಾದ ಅದರೊಳಗೆ ತೊಂಬತ್ತು ಉಕ್ಕಿನ ಕೊಳವೆಗಳು, ಒಂದೊಂದೂ ಮೂವತ್ತೈದು ಅಡಿ ಉದ್ದ, ಸಾಲಾಗಿ ನೇತಾಡುತ್ತಿದ್ದವು. ಕೊಳವೆಯ ಹೊರಗೆ ಬೆಂಕಿ, ಒಳಗೆ ನಾಫ್ತಾದ ಆವಿ ಮತ್ತು ನೀರಿನ ಹಬೆ. ನಾಫ್ತಾ ಒಡೆದು ಮೀಥೇನ್ ಆಗುತ್ತದೆ. ಮೀಥೇನ್ ಹಬೆಯೊಂದಿಗೆ ಕೂಡಿ ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಈ ಜೋಡಿಗೆ ಸಿಂಥೆಸಿಸ್ ಗ್ಯಾಸ್ ಎಂದು ಹೆಸರು. ಅದರಿಂದ ಅಮೋನಿಯ, ಅಮೋನಿಯದಿಂದ ಗೊಬ್ಬರ. ಮೀಥೇನ್ ತಾನಾಗಿ ಈ ಸಂಬಂಧಕ್ಕೆ ಒಪ್ಪುವುದಿಲ್ಲ. ಒಪ್ಪಿಸುವ ದಲ್ಲಾಳಿ ನಿಕಲ್ ಕ್ಯಾಟಲಿಸ್ಟ್: ಮೈತುಂಬ ನಿಕಲ್ ಹೊತ್ತ, ಹೆಬ್ಬೆರಳ ಗಾತ್ರದ ಪಿಂಗಾಣಿ ಉಂಗುರಗಳು. ಹಡಗೇರಿ ಬಂದ ಅವುಗಳಿಗೆ ಕಾರ್ಖಾನೆಯಲ್ಲಿ ನಮಗಿಂತ ಹೆಚ್ಚಿನ ಮರ್ಯಾದೆಯಿತ್ತು.

ಮೇಲಿನಿಂದ ಸುರಿದರೆ ಉಂಗುರಗಳು ಒಡೆಯುತ್ತವೆ. ಆದ್ದರಿಂದ ಅವನ್ನು ಉದ್ದನೆಯ ಬಟ್ಟೆಚೀಲಕ್ಕೆ ತುಂಬಿ, ಹಗ್ಗದಲ್ಲಿ ಕೊಳವೆಯೊಳಗೆ ಇಳಿಸಿ, ತಳ ಮುಟ್ಟಿದ ಮೇಲೆ ಜಗ್ಗಿ ಖಾಲಿ ಮಾಡಿ, ಬರಿ ಚೀಲವನ್ನು ಮೇಲಕ್ಕೆಳೆದುಕೊಳ್ಳಬೇಕು. ಹಗ್ಗ ಕಟ್ಟಲು ಚೀಲಕ್ಕೊಂದು ಹಿತ್ತಾಳೆ ಬಳೆ. ಇದು ಫೋರ್‌ಮನ್ ರಂಗನಾಥಂ ಅವರ ಕೆಲಸ. ತುಂಬಿದ ಕೊಳವೆಗೆ ಗಾಳಿ ಊದಿ, ಅದಕ್ಕೆ ಎಷ್ಟು ತಡೆಯಾಗುತ್ತದೆಂದು ಅಳೆದು ಸಹಿ ಹಾಕುವುದು ನನ್ನದು. ರಂಗನಾಥಂ ನಲವತ್ತು ದಾಟಿದವರು, ನಾಲ್ಕು ಹೆಣ್ಣುಮಕ್ಕಳ ತಂದೆ. ಮೂರು ತಲೆಮಾರಿನಿಂದ ಮದರಾಸಿನವರಾದರೂ ಮನೆಮಾತು ಕನ್ನಡ, ತಮಿಳು ಬೆರೆತದ್ದು. ಇಡೀ ಕಾರ್ಖಾನೆಯಲ್ಲಿ ನನ್ನೊಡನೆ ಕನ್ನಡ ಆಡಬಲ್ಲವರು ಅವರೊಬ್ಬರೇ. ನಾವು ಆಡುತ್ತಿದ್ದುದು ಮಾತ್ರ ಬರೀ ಅಳತೆಯ ಮಾತು.

ಹರಟೆಗೆ ಬಿಡುವಿದ್ದುದು ಮಧ್ಯಾಹ್ನದ ಊಟದ ಅರ್ಧ ಗಂಟೆ. ಆಗ ನಾನು ಮೌನಿ. ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಮಾತಾಡುವಂತಿಲ್ಲ. ಮಾತಾಡಿದರೆ ಅಲ್ಲಿಗೇ ಊಟ ಬಿಟ್ಟು ಏಳಬೇಕು. ಮಾತಾಡಿಸುವವರೇ ಇಲ್ಲದ ಊರಿನಲ್ಲಿ ಈ ವ್ರತ ಬಲು ಸಲೀಸು. ನಿಯಮ ತಿಳಿದ ಕಾರ್ಖಾನೆಯ ಜನ ಅದನ್ನು ಭಕ್ತಿ ಎಂದುಕೊಂಡರು. ಕ್ರಮೇಣ ನಾನೂ ಹಾಗೇ ಎಂದುಕೊಂಡೆ.

ಮೂರನೇ ಸಾಲು ತುಂಬುತ್ತಿದ್ದ ದಿನ ಉಡುಪಿ ಕಡೆಯವರ ಹೋಟೆಲಿನ ಕ್ಯಾರಿಯರ್ ಬಿಚ್ಚಿಕೊಂಡು ಷೆಡ್ಡಿನ ಮೂಲೆಯಲ್ಲಿ ಕೂತಿದ್ದೆ. ಸಾರನ್ನ ಕಲಸುವಾಗ ರಂಗನಾಥಂ ಬಂದು ಆರಡಿ ದೂರದಲ್ಲಿ ನಿಂತರು. ಕೈಯಲ್ಲಿ ಹಗ್ಗವಿತ್ತು. ಹಗ್ಗದ ತುದಿಯಲ್ಲಿ ಚೀಲವಿರಲಿಲ್ಲ. ಅದನ್ನು ನಾನು ನೋಡಿದೆ. ಕೇಳಬೇಕೆನಿಸಿತು. ಆದರೆ ಮಜ್ಜಿಗೆ ಅನ್ನ ಇನ್ನೂ ಬಾಕಿಯಿತ್ತು. ಅವರು ಎರಡು ನಿಮಿಷ ಕಾದು, ನನ್ನ ತಪಸ್ಸಿಗೆ ಭಂಗ ತರಬಾರದೆಂದು ಹೊರಟುಹೋದರು.

ಊಟದ ನಂತರ ಹನ್ನೊಂದನೇ ಕೊಳವೆ ಅಳೆದೆ. ತಡೆ ಮಿತಿಯ ಅಂಚಿನಲ್ಲಿತ್ತು. ಅಂಚು ದಾಟಿಲ್ಲವಲ್ಲ ಎಂದು ಸಹಿ ಹಾಕಿದೆ. ಏನೋ ಹೇಳಲು ಬಾಯಿ ತೆರೆದಿದ್ದ ರಂಗನಾಥಂ ಸಹಿ ನೋಡಿ ಬಾಯಿ ಮುಚ್ಚಿದರು.

ಕುಲುಮೆ ಹೊತ್ತಿಸಿ ಮೂರು ವಾರವಾಗಿತ್ತು. ಒಂದು ಬೆಳಿಗ್ಗೆ ಇಣುಕುಗಂಡಿಯಲ್ಲಿ ನೋಡಿದರೆ, ಮಂದವಾಗಿ ಕೆಂಪಡರಿದ ಕೊಳವೆಗಳ ನಡುವೆ ಒಂದು ಮಾತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ನಿಂತಿತ್ತು. ಒಳಗೆ ಹಬೆ ಸರಿಯಾಗಿ ಹರಿಯದಿದ್ದರೆ ಕೊಳವೆ ಹೀಗೆ ಕಾಯುತ್ತದೆ, ಬಿಟ್ಟರೆ ಸಿಡಿಯುತ್ತದೆ. ಮೂರನೇ ಸಾಲು, ಹನ್ನೊಂದನೆಯದು. ಕಾರ್ಖಾನೆ ನಿಂತಿತು. ಕುಲುಮೆ ಆರಿದ ಮೇಲೆ ಕೊಳವೆ ಬಿಚ್ಚಿ ಉಂಗುರಗಳನ್ನು ಹೊರತೆಗೆದಾಗ, ನಡುವೆ ಕರಕಲಿನ ಒಂದು ಮುದ್ದೆಯೂ ಕಪ್ಪಾದ ಹಿತ್ತಾಳೆ ಬಳೆಯೂ ಸಿಕ್ಕವು.

ಮರುದಿನ ವರ್ಕ್ಸ್ ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ. ಮೇಜಿನ ಮೇಲೆ ಬಳೆ. ಪಕ್ಕದಲ್ಲಿ ಟೈಪಾದ ಕಾಗದ: ರಂಗನಾಥಂ ಅವರನ್ನು ಕೆಲಸದಿಂದ ತೆಗೆಯುವ ಆದೇಶ, ಸಹಿಯೊಂದೇ ಬಾಕಿ.

"ಚೀಲ ಒಳಗೆ ಉಳಿದದ್ದು ನಿನಗೆ ಗೊತ್ತಿತ್ತಾ?" ಎಂದರು ಮ್ಯಾನೇಜರ್, ತಮಿಳಿನಲ್ಲಿ.

"ಹಗ್ಗ ಬಿಚ್ಕೊಂಡಿತ್ತು ಸಾರ್. ಕೋಲಿನಲ್ಲಿ ಎಳೆದೆ, ಬರಲಿಲ್ಲ."

"ಕೆಮಿಸ್ಟ್‌ಗೆ ಹೇಳಿದೆಯಾ?"

ರಂಗನಾಥಂ ನನ್ನ ಕಡೆ ನೋಡಿ ಕನ್ನಡಕ್ಕೆ ಹೊರಳಿದರು. "ಹೇಳೋಕೆ ಬಂದೆ. ನೀವು ಸಾಪಾಡಿಗೆ ಕೂತಿದ್ರಿ. ನಾನು ಕೂಗಿದ್ರೆ ನೀವು ಎದ್ಬಿಡಬೇಕಲ್ಲ ಸಾರ್, ಹಸ್ಕೊಂಡು? ಆಮೇಲೆ ಅಳೆದು ಸರಿ ಅಂತ ಸೈನ್ ಮಾಡಿದ್ರಿ. ನೀವು ಓದಿದೋರು, ಹಾಗಾದ್ರೆ ಸರಿಯಾಗೇ ಇರುತ್ತೆ ಅಂದ್ಕೊಂಡೆ."

ಅದನ್ನೇ ಅವರು ತಮಿಳಿನಲ್ಲೂ ಹೇಳಿದ ಮೇಲೆ ಮ್ಯಾನೇಜರ್ ನನ್ನತ್ತ ತಿರುಗಿದರು. "ಇವನು ಬಂದದ್ದನ್ನು ನೀನು ನೋಡಿದೆಯಾ?"

ಇಲ್ಲ ಎಂದರೆ ನಾನು ಉಳಿಯುತ್ತಿದ್ದೆ, ರಂಗನಾಥಂ ಹೋಗುತ್ತಿದ್ದರು. ಮೌನದಲ್ಲಿ ನನಗಿದ್ದ ಪ್ರಾವೀಣ್ಯ ಆ ಕ್ಷಣಕ್ಕೆ ಬಹಳ ಅನುಕೂಲವಾಗಿ ಕಂಡಿತು.

"ನೋಡಿದೆ ಸಾರ್. ಹಗ್ಗಕ್ಕೆ ಚೀಲವಿಲ್ಲದ್ದನ್ನೂ ನೋಡಿದೆ. ಮಜ್ಜಿಗೆ ಅನ್ನ ಬಾಕಿಯಿತ್ತು."

ಮ್ಯಾನೇಜರ್ ಟೈಪಾದ ಕಾಗದವನ್ನು ಎರಡು ಮಾಡಿ ಹರಿದರು. ರಂಗನಾಥಂಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ನನ್ನ ಪ್ರೊಬೇಷನ್ ಒಂದು ವರ್ಷ ಬೆಳೆಯಿತು. ಕುಲುಮೆಯಿಂದ ತೆಗೆದು ಕ್ಯಾಟಲಿಸ್ಟ್ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಡ್ರಮ್ಮುಗಳಿದ್ದವು, ಮನುಷ್ಯರಿರಲಿಲ್ಲ. ನಾನು ವ್ರತ ಬಿಟ್ಟಾಗಿತ್ತು. ಆದರೆ ಬಿಟ್ಟೆನೆಂದು ತೋರಿಸಲು ಯಾರಾದರೂ ಬೇಕಲ್ಲ? ಹತ್ತು ದಿನ ಡ್ರಮ್ಮುಗಳ ಎದುರು, ಹಳೆಯ ಮೌನದಲ್ಲೇ, ಭಕ್ತಿಯ ಸೋಗಿಲ್ಲದೆ ಉಂಡೆ.

ವರದಿಗಳು ಕೊಳವೆಯಂತೆ ಸಾಲಿನಲ್ಲಿ ಬರುತ್ತವೆಂದು ಕಾಲೇಜಿನಲ್ಲಿ ಕಲಿತಿದ್ದೆ. ನಿಜವಾದ ವರದಿ ನಮ್ಮ ಬಾಯಲ್ಲಿ ತುತ್ತಿರುವಾಗ ಬಂದು, ಆರಡಿ ದೂರದಲ್ಲಿ ನಿಂತು, ಎರಡೇ ನಿಮಿಷ ಕಾಯುತ್ತದೆಂದು ಕಲಿಸಿದ್ದು ಆ ಕೊಳವೆ. ಮುಂದಿನ ಮೂವತ್ತು ವರ್ಷ ನಾನು ತುತ್ತು ನುಂಗದೆಯೇ "ಏನು?" ಎಂದು ಕೇಳಿದ್ದೇನೆ. ನೋಡಲು ಚೆಂದವಿರಲಿಲ್ಲ; ಒಂದು ಕೊಳವೆಯೂ ಹೋಗಲಿಲ್ಲ.

ಅದನ್ನು ಮೊದಲು ಕೇಳಿದ್ದು ಹನ್ನೊಂದನೇ ದಿನ. ಉಗ್ರಾಣದ ಬಾಗಿಲಲ್ಲಿ, ಅಭ್ಯಾಸಬಲದಿಂದ ಅಷ್ಟೇ ದೂರದಲ್ಲಿ, ರಂಗನಾಥಂ ನಿಂತಿದ್ದರು. ನಾನು ಬಾಯಿ ತುಂಬ ಅನ್ನವಿಟ್ಟುಕೊಂಡೇ "ಏನು ರಂಗನಾಥಂ?" ಎಂದೆ.

ಅವರು ಗಾಬರಿಯಾಗಿ ನನ್ನ ಊಟದತ್ತ ನೋಡಿದರು. ನಾನು ಏಳಲಿಲ್ಲ.

"ಒಂದೂ ಇಲ್ಲ ಸಾರ್," ಎಂದರು. "ಸುಮ್ಮ ಬಂದೆ."