ಕೆಡಿಸಲೆಂದು ಇಟ್ಟ ನೂಲು

"ಇದು ಕೆಡಿಸಾಕ ಇಟ್ಟ ನೂಲ್ರಿ," ಎಂದು ವ್ಯವಸ್ಥಾಪಕ ಗುರಪ್ಪನವರು ಕಪಾಟು ತೆರೆದು ತೋರಿಸಿದಾಗ, ಇದು ಹೊಸಬನನ್ನು ಪರೀಕ್ಷಿಸುವ ಬಗೆ ಇರಬೇಕೆಂದು ಹೆದರಿದೆ. ಇಳಕಲ್ಲಿನ ನೇಕಾರರ ಸಂಘವೊಂದರ ಬಣ್ಣದ ಮನೆಗೆ ನಾನು ಸೇರಿದ ದಿನವದು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ತಿಂಗಳಿಗೊಂದು ಲಡಿಯನ್ನು, ಎಂದರೆ ನೂಲಿನ ಸಿವುಡನ್ನು, ಹೊಸ ಬಣ್ಣದ ಪ್ರಯೋಗಕ್ಕಾಗಿ ಯಾರನ್ನೂ ಕೇಳದೆ ಹಾಳುಮಾಡಬಹುದೆಂಬುದು ಅಲ್ಲಿನ ರೂಢಿ.

ನಮ್ಮ ಚಾಮರಾಜನಗರದ ಕಡೆ, ನಾನು ಮೊದಲು ದುಡಿದ ಗಿರಣಿಯಲ್ಲಿ, ಕೆಟ್ಟ ನೂಲಿನ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಮನೆತನದಲ್ಲಿ ಪದವಿ ಪಡೆದ ಮೊದಲನೆಯವನು ನಾನು. ಸಿಕ್ಕ ನೌಕರಿಯನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಕಪಾಟಿನತ್ತ ಸುಳಿಯದೆ, ಹೇಳಿದ ಕೆಂಪಿನಲ್ಲಿ ಹೇಳಿದಂತೆ ನೂಲು ಅದ್ದುತ್ತ ಕಾಲ ಕಳೆದೆ.

ಮಾತಿಗೂ ಜನರಿರಲಿಲ್ಲ. ನಾನು ನನ್ನ ಪುಸ್ತಕದ ಕನ್ನಡದಲ್ಲಿ "ಹೋಗಿ ಬರುತ್ತೇನೆ" ಎಂದರೆ, ಖಾನಾವಳಿಯಲ್ಲಿ ಊಟ ಬಡಿಸುವ ಅಕ್ಕ ಅಧಿಕಾರಿಯ ಎದುರು ನಿಂತಂತೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಎದುರಿಗೆ ಬಿಳಿಯ ಜೋಳದ ರೊಟ್ಟಿ; ಮನಸ್ಸೆಲ್ಲ ರಾಗಿಮುದ್ದೆಯ ಮೇಲೆ.

ನೌಕರಿ ಕಾಯಂ ಆಗುವ ಹೊತ್ತಿಗೆ ಗುರಪ್ಪನವರು ಕರೆದರು.

"ಒಂದ್ ಲಡಿನೂ ಕೆಡಿಸಿಲ್ಲಲ್ರಿ. ಇವರನ್ನ ಕಾಯಂ ಮಾಡ್ರಿ ಅಂತ ನಾ ಕಮಿಟಿಗೆ ಹೆಂಗ ಹೇಳ್ಲಿ? ಹಾಕಿದ್ದಷ್ಟ ಕುದಿಸಾಕ ಹಂಡೆ ಅದಾವಲ್ಲ."

ಮರುದಿನ ಕಪಾಟಿನಿಂದ ಒಂದು ಲಡಿ ತೆಗೆದೆ. ಯಾವ ಬಣ್ಣವೆಂದು ಯೋಚಿಸಬೇಕಾಗಲಿಲ್ಲ. ಬೆಂದ ರಾಗಿಯ ಬಣ್ಣ. ಆದರೆ ಮೇಲೆದ್ದ ನೂಲಿನ ತುಂಬ ಮಚ್ಚೆಗಳು. ನನ್ನ ಮುದ್ದೆಯ ಹಂಬಲ ಬಲ್ಲ ಬಣ್ಣಗಾರ ಹುಸೇನಸಾಬರು ಅದನ್ನು ಎತ್ತಿ ಹಿಡಿದು, "ಸರ, ಇದನ್ನ ನೇಯೂದೋ, ಸಾರಿನಾಗ ಅದ್ದಿ ತಿನ್ನೂದೋ?" ಎಂದರು. ಎಲ್ಲರೂ ನಕ್ಕರು. ಗುರಪ್ಪನವರು ಮಾತ್ರ ನಗದೆ, ತಮ್ಮ ಕುರ್ಚಿಯ ಹಿಂದಿನ ಮೊಳೆಗೆ, ತಾವೇ ಹಿಂದೆ ಕೆಡಿಸಿದ್ದ ಲಡಿಗಳ ಪಕ್ಕದಲ್ಲಿ, ಅದನ್ನು ತೂಗುಹಾಕಿದರು.

"ಮುಂದಿಂದು ಯಾವಾಗ ಕೆಡಸ್ತೀರಿ?"

ಬಹುಮಾನದ ಆಸೆ ತೋರಿಸಿದ್ದರೆ ನಾನು ಮತ್ತಷ್ಟು ಹೆದರುತ್ತಿದ್ದೆನೇನೋ. ಆ ಪ್ರಶ್ನೆಯ ನಂತರ ಕೈ ತಾನಾಗಿಯೇ ಕಪಾಟಿಗೆ ಹೋಯಿತು. ಇನ್ನೂ ಕೆಲವು ಲಡಿಗಳು ಹಾಳಾದ ಮೇಲೆ ಬಣ್ಣ ಸಮನಾಗಿ ಕೂತಿತು. ಕೆಂಪು ದಡಿಗಳ ನಡುವೆ ಅದು ಸೀರೆಯ ಒಡಲಾಯಿತು. ನಾನೂ ಕಾಯಂ ಆದೆ. ನೇಕಾರರು ಅದನ್ನು "ಮೈಸೂರ ಕಡೀ ಬಣ್ಣ" ಎಂದು ಕರೆಯತೊಡಗಿದರು. ಇಂದಿಗೂ ನನ್ನನ್ನು ಕರೆಯುವುದೂ ಹಾಗೆಯೇ, ಮೈಸೂರ ಕಡೆಯವರು ಎಂದು.

ಅಂಥದೊಂದು ಸೀರೆಯನ್ನು ರಜೆಯಲ್ಲಿ ಅವ್ವನಿಗೆ ಒಯ್ದೆ. ಉಟ್ಟು, ನೆರಿಗೆಯನ್ನು ಸವರಿಕೊಂಡು, "ಇಂಥ ಬಣ್ಣ ನಮ್ ಕಡೆ ಎಲ್ಲಪ್ಪ ಸಿಕ್ಕದು? ಅದೇನಿದ್ರೂ ನಿಮ್ ಊರಲ್ಲೇ," ಎಂದಳು.

ಹಾಗೆನ್ನುತ್ತಲೇ ಬಗ್ಗಿ ನನ್ನ ತಟ್ಟೆಗೆ ಬಿಸಿ ಮುದ್ದೆ ಇಟ್ಟಳು. ಮುದ್ದೆಯೂ ನೆರಿಗೆಯೂ ಪಕ್ಕಪಕ್ಕದಲ್ಲೇ ಇದ್ದವು. ನಾನು ತಲೆ ತಗ್ಗಿಸಿ ಉಂಡೆ.