ಕಪಾಟಿನ ಕೆಳಗಿನ ಹಲಗೆಗಳು

ಹೋದ ವಾರ ನನ್ನ ಯಜಮಾನರ ಕಪಾಟನ್ನು ಸರಿಸಿದಾಗ ಗೋಡೆಯ ಮೂಲೆಯಲ್ಲಿ ಒಂದು ಸಿರಿಂಜು ಸಿಕ್ಕಿತು. ಸೂಜಿ ಇರಲಿಲ್ಲ. ಒಳಗೆ ಹಳದಿ ಅಂಟು ಒಣಗಿ ಕಲ್ಲಾಗಿತ್ತು. ಮೂರು ವರ್ಷ ರೋಗಿ ಇದ್ದ ಮನೆ, ಸಿರಿಂಜು ಸಿಕ್ಕರೆ ಯಾರಿಗೂ ಆಶ್ಚರ್ಯವಿಲ್ಲ. ಕಪಾಟು ಒಯ್ಯಲು ಬಂದವನು ಅದನ್ನು ಕಸಕ್ಕೆ ಹಾಕಲು ಹೊರಟಿದ್ದ, ನಾನು ಕೈಯಿಂದ ಕಸಿದುಕೊಂಡೆ. ಅದು ಇವರಿಗೆ ಔಷಧಿ ಕೊಟ್ಟಿದ್ದಲ್ಲ, ನೆಲಕ್ಕೆ ಕೊಟ್ಟಿದ್ದು. ಮೂಸಿ ನೋಡಿದೆ, ವಾಸನೆ ಏನೂ ಉಳಿದಿರಲಿಲ್ಲ... ಆದರೂ ಬಡಿಗೇರ ಕಾಕಾ ಕಣ್ಣ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತರು.

ಪುಣೆಯ ಧನಕವಡಿಯ ಈ ಮನೆಗೆ ಕಟ್ಟಿಗೆಯ ನೆಲ ಹಾಕಿಸಿದ್ದು ಇವರ ಹುಚ್ಚು. ಪೂರ್ತಿ ಕಟ್ಟಿಗೆಯೂ ಅಲ್ಲ ಅದು. ಕೆಳಗೆ ಪ್ಲೈವುಡ್ಡಿನ ಪದರಗಳು, ಮೇಲೆ ಹಪ್ಪಳದಷ್ಟು ತೆಳುವಾದ ಸಾಗವಾನಿ. ನೀರು ಸುರಿಯಬೇಡ, ಬಟ್ಟೆ ಗಟ್ಟಿಯಾಗಿ ಹಿಂಡಿ ಒರೆಸು ಎಂದು ಇವರು ನೂರು ಸಲ ಹೇಳಿದ್ದರು. ಧಾರವಾಡದಲ್ಲಿ ಫರಸಿ ಕಲ್ಲಿನ ಮೇಲೆ ಬೆಳೆದವಳು ನಾನು. "ನೀರ ಹಾಕದ ಮನಿ ಎಂಥಾ ಮನಿರೀ?" ಎಂದು ನಗುತ್ತಿದ್ದೆ.

ಆಮೇಲೆ ಇವರಿಗೆ ಲಕ್ವಾ ಹೊಡೆಯಿತು. ಬಲಗಾಲು ಎಳೆಯತೊಡಗಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಒಂದೇ ಮಾತು ಹೇಳುತ್ತಿದ್ದಳು. ಈಗಿನ ತಿಂಗಳುಗಳೇ ಮುಖ್ಯ, ದಿನಾ ನಡೆಸಿ, ಒಮ್ಮೆ ಬಿಗಿದುಕೊಂಡ ಕಾಲು ಮತ್ತೆ ಮಾತು ಕೇಳುವುದಿಲ್ಲ. ಹಾಗಾಗಿ ದಿನಕ್ಕೆ ನಾಲ್ಕು ಸಲ ಮಂಚದಿಂದ ಗ್ಯಾಲರಿಯವರೆಗೆ, ನನ್ನ ಹೆಗಲು ಹಿಡಿದು ಬರಿಗಾಲಲ್ಲಿ ನಡೆಯುತ್ತಿದ್ದರು. ಅಷ್ಟೇ ನಮ್ಮ ಪಂಢರಪುರದ ದಾರಿ.

ಅಷ್ಟರಲ್ಲಿ ಬೆಳಗಾವಿಯಲ್ಲಿ ಇವರ ಚಿಕ್ಕಪ್ಪನ ಮಗ ತೀರಿಕೊಂಡ. ಹತ್ತು ದಿನ ಸೂತಕ. ಹನ್ನೊಂದನೆಯ ದಿನ ಬೆಳಿಗ್ಗೆ, ಇವರು ಇನ್ನೂ ಮಲಗಿದ್ದಾಗ, ನಾನು ಬಕೆಟ್ಟುಗಟ್ಟಲೆ ನೀರು ಸುರಿದು ಇಡೀ ಮನೆ ತೊಳೆದೆ. ಒರೆಸಿದರೆ ಸೂತಕ ಹೋಗುತ್ತದೆಯೇ? ಅದರಲ್ಲೂ ಇವರು ಆ ಸ್ಥಿತಿಯಲ್ಲಿರುವಾಗ, ಸಾವಿನ ಮೈಲಿಗೆ ಎಳ್ಳಷ್ಟೂ ಮನೆಯಲ್ಲಿ ಉಳಿಯಬಾರದು ಎಂಬ ಹೆದರಿಕೆ ನನಗೆ. ಇವರಿಗಾಗಿಯೇ ತೊಳೆದೆ... ಈಗಲೂ ಹಾಗೆಯೇ ಹೇಳಿಕೊಳ್ಳುತ್ತೇನೆ.

ಮೂರೇ ದಿನಕ್ಕೆ ಹಲಗೆಗಳು ಉಬ್ಬಿದವು. ಕೂಡುವ ಕಡೆಯೆಲ್ಲ ಅಂಚು ಮೇಲೆದ್ದು ಏಣು ಮೂಡಿತು, ಕೆಲವು ಕಡೆ ಮೇಲಿನ ಪದರ ಸಿಪ್ಪೆಯಂತೆ ಬಿಟ್ಟಿತು. ನಾಲ್ಕನೆಯ ದಿನ ಇವರ ಬಲಗಾಲು ಅದಕ್ಕೆ ಎಡವಿ, ನನ್ನನ್ನೂ ಎಳೆದುಕೊಂಡು ಬಿದ್ದರು. ಮೂಳೆ ಮುರಿಯಲಿಲ್ಲ. ಆದರೆ ಮಂಚಕ್ಕೆ ಏರಿಸಿದ ಮೇಲೆ ಗೋಡೆಯ ಕಡೆ ಮುಖ ಮಾಡಿ, "ಸಾಕು. ನಾ ಇನ್ನ ನಡಿಯಾಂಗಿಲ್ಲ" ಅಂದರು. ನೀರು ಹೇಗೆ ಬಂತು ಎಂದು ಕೇಳಿದ್ದಕ್ಕೆ, ವಾಷಿಂಗ್ ಮಷೀನಿನ ಪೈಪ್ ಕಳಚಿತ್ತು ಎಂದು ಸುಳ್ಳು ಹೇಳಿದೆ.

ನೆಲ ಹಾಕಿದವರನ್ನು ಕರೆಸಿದೆ. ಆ ಬಣ್ಣದ ಹಲಗೆ ಈಗ ಬರುವುದೇ ಇಲ್ಲ, ಪೂರ್ತಿ ಕಿತ್ತು ಹೊಸದು ಹಾಕಬೇಕು, ಅದೂ ಮಳೆ ನಿಂತ ಮೇಲೆ ಅಂದರು. ಇನ್ನೊಬ್ಬ ಬಂದು ಮಷೀನಿನಿಂದ ಉಜ್ಜುತ್ತೇನೆಂದ. ಹಪ್ಪಳದಷ್ಟು ಪದರದಲ್ಲಿ ಉಜ್ಜುವುದೇನನ್ನು? ಟೈಲ್ಸಿನ ಅಡುಗೆಮನೆಯಲ್ಲಾದರೂ ನಡೆಯಿರಿ ಎಂದರೆ ಇವರು ಮುಖವನ್ನೇ ತಿರುಗಿಸಲಿಲ್ಲ. ಮಳೆ ನಿಲ್ಲುವ ಹೊತ್ತಿಗೆ ಕಾಲು ಕೊರಡಾಗುತ್ತದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ, ಆ ಬುದ್ಧಿಯಿಂದ ನನಗೆ ತಲೆ ಚಚ್ಚಿಕೊಳ್ಳಲಿಕ್ಕಷ್ಟೇ ಆಯಿತು.

ಸದಾಶಿವ ಪೇಠದಲ್ಲಿ ಒಂದು ಸಣ್ಣ ಅಂಗಡಿಯಿತ್ತು, ಚೌರಂಗ ಎನ್ನುವ ಪೂಜೆಯ ಮಣೆ, ದೇವರ ಮಂಟಪ ರಿಪೇರಿ ಮಾಡುವುದು. ಯಾರೋ ಹೇಳಿದರೆಂದು ಹೋದೆ. ಮರಾಠಿಯಲ್ಲಿ ಹೇಳಲು ಶುರುಮಾಡಿದವಳು ನಡುವೆ "ಅಯ್ಯ, ಇನ್ನೇನ್ ಮಾಡ್ಲೆಪ್ಪಾ ದೇವ್ರೇ" ಎಂದು ಅತ್ತೇಬಿಟ್ಟೆ. ಉಳಿ ಮಸೆಯುತ್ತಿದ್ದ ಮುದುಕರು ತಲೆಯೆತ್ತಿದರು. "ಅಳಬ್ಯಾಡ್ರಿ ಅಕ್ಕಾರ. ಮೊದಲ ಏನಾಗೇದ ಹೇಳ್ರಿ." ಬೈಲಹೊಂಗಲದ ಕಡೆಯವರು, ಪುಣೆಗೆ ಬಂದು ನಲವತ್ತು ವರ್ಷವಾಗಿತ್ತಂತೆ. ಮನೆ ಊರಾಚೆ ಸಾಸವಡದಲ್ಲಿ. ಅವತ್ತಿನಿಂದ ನಾನು ಬಡಿಗೇರ ಕಾಕಾ ಎಂದೇ ಕರೆದೆ.

ಮರುದಿನವೇ ಬಂದರು. ಉಳಿಯ ಹಿಡಿಯಿಂದ ಹಲಗೆಗಳನ್ನು ಒಂದೊಂದಾಗಿ ತಟ್ಟಿ ಕಿವಿಗೊಟ್ಟರು. ಪೈಪಿನ ಕಥೆಯನ್ನು ನಾನು ಅವರಿಗೂ ಹೇಳಿದೆ. ಅವರು ಮಂಚದ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. "ಪೈಪಿನ ನೀರು ಒಂದ ಮೂಲ್ಯಾಗ ಇರ್ತದ್ರಿ. ಇದು ಮನಿ ತೊಳದ ನೀರು." ಆಮೇಲೆ ಅವರೇ ಇವರಿಗೆ ಕೇಳುವಂತೆ ಗಟ್ಟಿಯಾಗಿ, "ಈ ಪೈಪುಗಳ ಹಣೆಬಾರನ ಇಷ್ಟು ನೋಡ್ರಿ ಸಾಹೇಬ್ರ" ಅಂದರು.

ನೀರು ಕುಡಿದ ಕಟ್ಟಿಗೆಗೆ ಗಡಿಬಿಡಿ ಮಾಡಬಾರದು, ಮೊದಲು ಒಣಗಬೇಕು ಎಂದರು. ಕಾಲು ಕಾಯುವುದಿಲ್ಲ ಕಾಕಾ ಎಂದೆ. ಅವರು ಕೋಣೆಯಲ್ಲೆಲ್ಲ ಕಣ್ಣಾಡಿಸಿ, ಇವರ ಕಪಾಟನ್ನು ಖಾಲಿ ಮಾಡಲು ಹೇಳಿದರು. ಅದರ ಕೆಳಗೆ ನೀರು ಹೋಗಿರಲಿಲ್ಲ. ಅದೇ ಬಣ್ಣದ ಹಲಗೆಗಳು ಒಣಗಿಕೊಂಡು ಹಾಗೆಯೇ ಇದ್ದವು. ಅವನ್ನು ಕಿತ್ತು, ಮಂಚದಿಂದ ಗ್ಯಾಲರಿಯ ದಾರಿಯಲ್ಲಿ ತೀರ ಕೆಟ್ಟಿದ್ದ ಹಲಗೆಗಳ ಜಾಗಕ್ಕೆ ಕೂಡಿಸಿದರು. ಕಪಾಟಿನ ಕೆಳಗೆ ಬರೀ ಪ್ಲೈವುಡ್ ಹಾಕಿದರು. ಉಳಿದವಕ್ಕೆ ಒಂದು ವಾರ ಫ್ಯಾನು ಹಚ್ಚಿಟ್ಟು, ಪೊಳ್ಳು ಸದ್ದು ಬಂದಲ್ಲಿ ಸಣ್ಣ ತೂತು ಕೊರೆದು ಈ ಸಿರಿಂಜಿನಿಂದ ಅಂಟು ಇಳಿಸಿದರು. ಮೇಲೆ ನನ್ನ ರುಬ್ಬುವ ಗುಂಡು, ಜೋಳದ ಡಬ್ಬಿ, ಟ್ರಂಕು ಹೇರಿದರು. ಇವರು ಮಾತ್ರ ಗೋಡೆ ನೋಡುತ್ತಲೇ ಇದ್ದರು. ನೆಲ ಸರಿಯಾದರೂ ನಡೆಯುವವರೇ ಇಲ್ಲದಿದ್ದರೆ... ಎಂದು ನಾನು ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆ.

ಭಾರ ತೆಗೆದ ದಿನ ಕಾಕಾ ಒಂದು ಕುರ್ಚಿ ತಂದು ಮಂಚದ ಪಕ್ಕ ಇಟ್ಟರು. "ಸಾಹೇಬ್ರ, ನಲವತ್ತು ವರ್ಷ ಅಂಟು, ಪಾಲಿಶ್ ಹಿಡದು ನನ್ನ ಬೆರಳಿಗೆ ಈಗ ಏನೂ ತಿಳಿಯಂಗಿಲ್ರಿ. ಏಣು ಉಳದದೋ ಇಲ್ಲೋ ನಿಮ್ಮ ಕಾಲ ಹೇಳಬೇಕು."

"ನನ್ನ ಕಾಲು ಸತ್ತದ" ಅಂದರು ಇವರು.

"ಸತ್ತ ಕಾಲಿಗೆ ಏಣು ತಾಕತದೇನ್ರಿ? ಬರ್ರಿ, ನನ್ನ ಕೆಲಸ ನಿಂತದ."

ಏನನ್ನಿಸಿತೋ, ಇವರು ಕುರ್ಚಿಗೆ ಬಂದು ಕೂತರು. ಬಲಗಾಲನ್ನು ನಿಧಾನಕ್ಕೆ ಹಲಗೆಯ ಮೇಲೆ ಎಳೆದರು. "ಇಲ್ಲಿ ತಾಕತದ." ಕಾಕಾ ಪಾಲಿಶ್ ಪೇಪರಿನಿಂದ ಎರಡೇ ಎರಡು ಸಲ ಉಜ್ಜಿದರು. "ಈಗ?" ಕುರ್ಚಿ ಒಂದೊಂದು ಮೊಳ ಮುಂದೆ ಸರಿಯಿತು. ಮೂರನೆಯ ದಿನ ಕುರ್ಚಿ ಬೇಡ ಎಂದು ಇವರೇ ಎದ್ದು ನಿಂತರು. ಗ್ಯಾಲರಿಯ ಬಾಗಿಲಲ್ಲಿ ಒಂದು ಏಣು ಮಾತ್ರ ಉಳಿಯಿತು. ಇನ್ನೂ ಉಜ್ಜಿದರೆ ಪದರವೇ ಹೋಗುತ್ತದೆಂದು ಕಾಕಾ ಕೈಬಿಟ್ಟರು. "ಇದೊಂದು ಇರ್ಲಿ. ಇಲ್ಲಿ ಬಂದಾಗ ಕಾಲು ಎತ್ತಿ ಇಡೂದು ಕಲೀರಿ." ಇವರು ಕಲಿತರು.

ಹದಿನೈದು ದಿನ ಬಿಟ್ಟು ಕರದಂಟು ಕಟ್ಟಿಕೊಂಡು ಅವರ ಅಂಗಡಿಗೆ ಹೋದೆ. ಕಾಕಾ ಕಣ್ಣು ಮುಚ್ಚಿಕೊಂಡು ಚೌರಂಗದ ಅಂಚಿನ ಮೇಲೆ ಬೆರಳು ಆಡಿಸುತ್ತಿದ್ದರು. ಒಂದು ಕಡೆ ನಿಲ್ಲಿಸಿ, ಕೂದಲೆಳೆಯಷ್ಟು ಸೀಳನ್ನು ಉಗುರಿನಿಂದ ಎಬ್ಬಿಸಿ ತೆಗೆದರು. ಏನೂ ತಿಳಿಯದ ಬೆರಳಂತೆ! ಕರದಂಟು ಕೊಟ್ಟು ಬಂದೆ. ಅದೇ ಕೊನೆಯ ಭೇಟಿ...

ಈ ವರ್ಷ ಇವರು ಹೋದರು. ಸೂತಕ ಕಳೆಯುವ ದಿನ ನನ್ನ ನೆಗೆಣ್ಣಿ ಬಕೆಟ್ಟು ತುಂಬಿಕೊಂಡು ಬಂದಳು. ನಾನು ಅದನ್ನು ಕಸಿದು ಬಚ್ಚಲಿಗೆ ಸುರಿದು, ಬಟ್ಟೆ ಹಿಂಡಿ ಒರೆಸಿದೆ. ಬಂದವರೆಲ್ಲ ಮುಖ ಮುಖ ನೋಡಿಕೊಂಡರು. ನೀರು ಸುರಿದವಳು ನಾನೇ ಎಂದು ಇವರಿಗೆ ಕೊನೆಯವರೆಗೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಅನ್ನುತ್ತಲೇ ನಾಳೆಗಳು ಮುಗಿದವು. ಆ ಗುಟ್ಟು ಗೊತ್ತಿದ್ದ ಒಬ್ಬರ ಮುಂದಾದರೂ ಅತ್ತು ಬರೋಣವೆಂದು ಸಿರಿಂಜು ಸಿಕ್ಕ ಮರುದಿನ ಸದಾಶಿವ ಪೇಠಕ್ಕೆ ಹೋದೆ. ಅಂಗಡಿಯಿದ್ದಲ್ಲಿ ಕೋಚಿಂಗ್ ಕ್ಲಾಸಿನ ಬೋರ್ಡು. ಪಕ್ಕದ ಜೆರಾಕ್ಸಿನವನು "ಕಾಕಾ ವಾರಲೇ" ಎಂದು ಎರಡೇ ಮಾತಿನಲ್ಲಿ ಮುಗಿಸಿದ. ತೀರಿಕೊಂಡು ಎರಡು ಮಳೆಗಾಲವಾಗಿತ್ತಂತೆ.

ಕಪಾಟು ಹೋದ ಜಾಗದಲ್ಲಿ ಈಗ ಪ್ಲೈವುಡ್ ಬತ್ತಲೆಯಾಗಿ ಕಾಣುತ್ತದೆ. ನಿನ್ನೆ ಸಂಜೆ ಒಣಗಿದ ಬಟ್ಟೆ ತರಲು ಗ್ಯಾಲರಿಗೆ ಹೋಗುವಾಗ ಬಾಗಿಲಲ್ಲಿ ಹೆಬ್ಬೆರಳು ಎಡವಿತು. "ಇಲ್ಲಿ ತಾಕತದ" ಅಂದೆ, ಗಟ್ಟಿಯಾಗಿಯೇ ಅಂದೆ. ಉಜ್ಜುವವರೂ ಇಲ್ಲ, ನಡೆಯುವವರೂ ಇಲ್ಲ. ಅಲ್ಲಿ ಕಾಲು ಎತ್ತಿ ಇಡುವುದನ್ನು ನಾನು ಮಾತ್ರ ಇನ್ನೂ ಕಲಿತಿಲ್ಲ.