ಫೋನಿನಲ್ಲಿ ದೂರವಿದ್ದ ಆನೆ

ಕಳೆದ ವರ್ಷ ಮಳೆ ಬಿಟ್ಟು, ಕಾಫಿ ಕಾಯಿ ಬಲಿಯುತ್ತಿದ್ದ ದಿನಗಳು. ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ನಮ್ಮದು ಕುಶಾಲನಗರದ ಹತ್ತಿರದ ಊರು. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದವರು. ಭತ್ತ, ಜೋಳ ನೋಡಿ ಬೆಳೆದ ನನಗೆ ಬಿ.ಎಸ್ಸಿ. ಮುಗಿದ ಮೇಲೆಯೇ ಕಾಫಿ ಗಿಡದ ಪರಿಚಯವಾದದ್ದು. ಗಿಡಗಳಿಗೆ ಬರುವ ರೋಗ, ಹುಳು ನೋಡಿ ಓನರ್‌ಗೆ ತಿಳಿಸುವುದು ನನ್ನ ಕೆಲಸ.

ಒಂದು ಬೆಳಿಗ್ಗೆ ಓನರ್ ಹೊಸ ಫೋನೊಂದನ್ನು ನನ್ನ ಕೈಗೆ ಕೊಟ್ಟರು. ಫೋನಿಗೆ ಕ್ಯಾಮೆರಾ ಇಟ್ಟಿದ್ದಾರೆ ಅನ್ನುವುದಕ್ಕಿಂತ ಕ್ಯಾಮೆರಾಗೆ ಫೋನ್ ಅಂಟಿಸಿದ್ದಾರೆ ಅನ್ನಬೇಕು, ಹಾಗಿತ್ತು. ಹಿಂಭಾಗದಲ್ಲಿ ಕಾಫಿ ಲೋಟದ ತಳದಷ್ಟು ದೊಡ್ಡ ಉರುಟು, ಅದರೊಳಗೆ ಮೂರು ಲೆನ್ಸು.

“ಒಂದು ವಾರ ಇಟ್ಕೊಂಡು ನೋಡಿ. ಚೆನ್ನಾಗಿದ್ರೆ ಎಲ್ಲಾ ರೈಟರ್‌ಗಳಿಗೂ ಇದನ್ನೇ ತರಿಸೋಣ” ಅಂದರು.

ಅವರಿಗೆ ಬೇಕಿದ್ದದ್ದು ಮೂರು. ಕಾಯಿಯ ತುದಿಯಲ್ಲಿ ಕೊರಕ ಹುಳು ಮಾಡುವ ಸೂಜಿ ಮೊನೆಯಷ್ಟು ತೂತು ಸ್ಪಷ್ಟವಾಗಿ ಕಾಣಬೇಕು. ಮರದ ನೆರಳಿನಲ್ಲಿ, ಕಡಿಮೆ ಬೆಳಕಿನಲ್ಲೂ ಚಿತ್ರ ಬರಬೇಕು. ಮೂರನೆಯದು ಆನೆ. ತೋಟದಲ್ಲಿ ಆನೆ ಕಂಡರೆ ದೂರದಿಂದಲೇ ಫೋಟೋ ತೆಗೆದು ಗ್ರೂಪಿಗೆ ಹಾಕುವಂತಿರಬೇಕು, ಯಾರೂ ಹತ್ತಿರ ಹೋಗುವಂತಾಗಬಾರದು. ಒಂದು ಹಾಳೆಯಲ್ಲಿ ಇವನ್ನು ಬರೆದು, ಪಕ್ಕದಲ್ಲಿ ನನ್ನ ಅಭಿಪ್ರಾಯಕ್ಕೆ ಜಾಗ ಬಿಟ್ಟಿದ್ದರು.

ನನ್ನ ಜೊತೆಗೆ ಬಂದವರು ಜೋಯಪ್ಪ. ನಮ್ಮ ತೋಟದ ಹಿರಿಯ ರೈಟರ್, ಅಂದರೆ ಆಳುಗಳ ಕೆಲಸ ನೋಡಿಕೊಳ್ಳುವವರು. ಇಪ್ಪತ್ತೈದು ವರ್ಷ ಇದೇ ತೋಟದಲ್ಲಿ ಓಡಾಡಿದವರು. ಮುರಿದ ಕೊಂಬೆಯ ಹಸಿ ನೋಡಿ ಆನೆ ಹೋಗಿ ಎಷ್ಟು ಹೊತ್ತಾಯಿತು ಎಂದು ಹೇಳುತ್ತಿದ್ದರು. ಅವರ ಜೊತೆಗಿದ್ದರೆ ನನಗೆ ಭಯವೇ ಇರುತ್ತಿರಲಿಲ್ಲ.

“ಎಂಥ ಮಾರಾಯ್ತಿ, ಇದು ಫೋನಾ ಟಿಫಿನ್ ಬಾಕ್ಸಾ?” ಅಂತ ಕೈಯಲ್ಲಿ ತೂಗಿ ನೋಡಿದರು. “ಜೇಬಲ್ಲಿಟ್ರೆ ಪ್ಯಾಂಟ್ ಜಾರ್ತದೆ.”

“ಬೆಲ್ಟ್ ಹಾಕ್ಕೊಳ್ಳಿ ಸಾರ್.”

“ಹೊಟ್ಟೆ ಇದೆಯಲ್ಲ, ಅದೇ ಹಿಡ್ಕೊಳ್ತದೆ ಬಿಡು.”

ಅವತ್ತು ಕೆರೆಯ ಕೆಳಗಿನ ಬ್ಲಾಕಿಗೆ ಹೋದೆವು. ಅಲ್ಲಿ ಹೆಂಗಸರು ಕಳೆ ತೆಗೆಯುತ್ತಿದ್ದರು. ಅವರಲ್ಲಿ ಮುಂದಾಳು ಮುತ್ತಮ್ಮ, ತೋಟದ ಆಳುಗಳಿಗೆಂದು ಕಟ್ಟಿದ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವಳು. ನಮ್ಮನ್ನು ಕಂಡ ಕೂಡಲೇ, “ಸಾರೇ, ನಮ್ದೊಂದು ಫೋಟೋ ಹಿಡೀರಿ. ಪಲ್ಲು ಇಲ್ಲಾಂತ ಬಿಡ್ಬೇಡಿ” ಎಂದು ಹಲ್ಲಿಲ್ಲದ ಬೊಚ್ಚು ಬಾಯಿ ತೆರೆದು ನಕ್ಕಳು. ಜೋಯಪ್ಪ ಹಿಡಿದರು. ಎಲ್ಲರೂ ಫೋನಿಗೆ ಮುತ್ತಿಕೊಂಡು ನೋಡಿದರು.

ಅವರಿಂದ ಸ್ವಲ್ಪ ಮುಂದೆ ಹೋಗಿ ನಾವು ಕೊರಕದ ತೂತು ಹುಡುಕತೊಡಗಿದೆವು. ಸಿಕ್ಕಿತು. ಫೋನನ್ನು ಕಾಯಿಯ ಹತ್ತಿರ ಹಿಡಿದಾಗ ಅದು ತಾನಾಗಿಯೇ ಬೇರೆ ಲೆನ್ಸಿಗೆ ಹೋಯಿತು. ತೂತು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಅದರ ಅಂಚಿನ ಪುಡಿಯೂ ಕಾಣುತ್ತಿತ್ತು. ಇಬ್ಬರಿಗೂ ಖುಷಿ. ಬಗ್ಗಿಕೊಂಡೇ ಹತ್ತಾರು ಚಿತ್ರ ತೆಗೆದೆವು.

ಜೋಯಪ್ಪ ಬೆನ್ನು ನೆಟ್ಟಗೆ ಮಾಡಿ ನಿಂತರು. ಫೋನ್ ಹಾಗೇ ಕೈಯಲ್ಲಿ, ಮುಖದ ಮುಂದೆ ಇತ್ತು. “ನೋಡಿಲ್ಲಿ” ಎಂದು ಪಿಸುಗುಟ್ಟಿದರು.

ನಾನು ಅವರ ಭುಜದ ಪಕ್ಕದಿಂದ ಸ್ಕ್ರೀನ್ ನೋಡಿದೆ. ಮರಗಳ ನಡುವೆ ಒಂದು ಆನೆ. ಒಂಟಿ ಸಲಗ. ಸ್ಕ್ರೀನಿನಲ್ಲಿ ನನ್ನ ಹೆಬ್ಬೆರಳ ಉಗುರಿನಷ್ಟಿತ್ತು. ನೆರಳಿನಲ್ಲಿ ಕಣ್ಣಿಗೆ ಮಸುಕಾಗಿರುವ ಜಾಗವನ್ನು ಆ ಫೋನ್ ಬೆಳಗಿಸಿ ತೋರಿಸುತ್ತಿತ್ತು. ದಂತ, ಕಿವಿ, ಬೆನ್ನ ಮೇಲಿನ ಕೆಂಪು ಮಣ್ಣು, ಎಲ್ಲವೂ ಸುಂದರವಾಗಿ ಕಾಣುತ್ತಿತ್ತು.

“ಕೆರೆ ಏರಿ ಹತ್ರ ಇದೆ. ದೂರ ಇದೆ, ಹೆದರ್ಬೇಡ” ಅಂದರು. ನನಗೂ ಹಾಗೇ ಅನ್ನಿಸಿತು. ಮೂರನೆಯ ಪರೀಕ್ಷೆ ತಾನಾಗಿಯೇ ಒದಗಿ ಬಂದಿದೆ ಎಂದುಕೊಂಡೆ. ಮೆಣಸಿನ ಬಳ್ಳಿ ಹಬ್ಬಿದ ಒಂದು ಮರ ಆನೆಯ ಅರ್ಧ ತಲೆಗೆ ಅಡ್ಡ ಬರುತ್ತಿತ್ತು.

ಆಗ ನಾನೊಂದು ಮಾತು ಹೇಳಿದೆ. “ಸಾರ್, ಮರ ಅಡ್ಡ ಬರ್ತಾ ಇದೆ. ಇನ್ನೊಂದೆರಡು ಹೆಜ್ಜೆ ಮುಂದೆ ಹೋಗಿ.”

ಅವರು ಫೋನಿನಿಂದ ಕಣ್ಣು ತೆಗೆಯದೆ ಎರಡು ಹೆಜ್ಜೆ ಮುಂದಿಟ್ಟರು. ಸ್ಕ್ರೀನಿನಲ್ಲಿ ಆನೆಯ ಕಿವಿ ಆಡುವುದು ನಿಂತಿತು. ಅದು ಒಳ್ಳೆಯದಲ್ಲ ಎಂದು ಎಷ್ಟೋ ಸಲ ನನಗೆ ಹೇಳಿಕೊಟ್ಟಿದ್ದವರು ಅವರೇ. ಅವತ್ತು ಅವರು ಅದನ್ನು ನೋಡಿಯೂ ಬಟನ್ ಒತ್ತಿದರು.

ಹಿಂದಿನಿಂದ ಮುತ್ತಮ್ಮನ ಕೂಗು ಕೇಳಿತು. “ಸಾರೇ! ಅದ್ರೊಳಗೆ ಎಂಥ ನೋಡ್ತೀರಾ! ತಲೆ ಎತ್ತಿ ನೋಡಿ! ಅಯ್ಯೋ ಓಡಿ, ಓಡಿ!”

ನಾನು ತಲೆ ಎತ್ತಿದೆ. ಆನೆ ಕೆರೆ ಏರಿಯ ಹತ್ತಿರ ಇರಲಿಲ್ಲ. ನಮ್ಮ ಮುಂದೆಯೇ ಇತ್ತು. ಅದರ ಉಸಿರು ಕೇಳುವಷ್ಟು ಹತ್ತಿರ. ಇಷ್ಟು ಹೊತ್ತೂ ಅದು ಅಲ್ಲೇ ಇತ್ತು, ನಾವು ಮಾತ್ರ ಬೇರೆಲ್ಲೋ ನೋಡುತ್ತಿದ್ದೆವು.

ನಾನು ಓಡಿದೆ. ಜೋಯಪ್ಪ ತಿರುಗಿದ್ದನ್ನು ನೋಡಿದೆ, ಆಮೇಲೆ ಅವರು ಕಾಣಿಸಲಿಲ್ಲ. ಒಂದು ಸಿಲ್ವರ್ ಓಕ್ ಮರದ ಹಿಂದೆ ನಿಂತು ಹಿಂತಿರುಗಿದಾಗ ಆನೆ ಗಿಡಗಳನ್ನು ಮುರಿದುಕೊಂಡು ಬರುತ್ತಿತ್ತು. ಜೋಯಪ್ಪ ತೊಟ್ಟಿಲು ಗುಂಡಿಗೆ ಬಿದ್ದಿದ್ದರು. ಮಳೆ ನೀರು ಇಂಗಲೆಂದು ಗಿಡದ ಸಾಲುಗಳ ನಡುವೆ ತೆಗೆದ ಉದ್ದನೆಯ ಗುಂಡಿ ಅದು, ತುಂಬಾ ತರಗೆಲೆ ಇರುತ್ತದೆ. ಮೇಲಕ್ಕೆ ಅವರ ಒಂದು ಬೂಟು ಮಾತ್ರ ಕಾಣುತ್ತಿತ್ತು.

ಆನೆ ಗುಂಡಿಯ ಅಂಚಿಗೆ ಬಂದು ನಿಂತಿತು. ಸೊಂಡಿಲು ಇಳಿಸಿ ಎಲೆಗಳ ಮೇಲೆ ಆಡಿಸಿತು. ಆ ಬೂಟು ಅಲುಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅಲುಗಲಿಲ್ಲ. ಅಲುಗದಿದ್ದುದಕ್ಕೂ ಹೆದರಿದೆ.

ಹೆಂಗಸರು ಓಡಿಹೋಗಿರಲಿಲ್ಲ. ಒಟ್ಟಿಗೆ ನಿಂತು ಕತ್ತಿಯಿಂದ ತಮ್ಮ ಊಟದ ಡಬ್ಬಿಗಳನ್ನು ಬಡಿಯಲು ಶುರು ಮಾಡಿದರು. ತಮಿಳು, ಮಲಯಾಳ, ಕನ್ನಡ ಎಲ್ಲಾ ಸೇರಿದ ಬೊಬ್ಬೆ. ಮುತ್ತಮ್ಮ ಎರಡು ಹೆಜ್ಜೆ ಮುಂದೆ ಬಂದು, ಪಕ್ಕದ ಮನೆಯವರನ್ನು ಬೈಯುವ ಹಾಗೆ ಬೈಯುತ್ತಿದ್ದಳು. “ಹೋಗಾ! ಕೆರೆಗೆ ಹೋಗು! ಇಲ್ಲಿ ನಿಂಗೆಂಥ ಕೆಲ್ಸ?”

ಆನೆ ತಲೆ ಎತ್ತಿತು. ಪಕ್ಕದಲ್ಲಿದ್ದ ಒಂದು ಕಾಫಿ ಗಿಡವನ್ನು ಬುಡಸಮೇತ ಕಿತ್ತು ಬಿಸಾಡಿ, ನಿಧಾನವಾಗಿ ಏರಿಯ ಕಡೆಗೆ ಹೋಯಿತು.

ಜೋಯಪ್ಪನವರನ್ನು ಗುಂಡಿಯಿಂದ ಎತ್ತುವಾಗ ಅವರ ಬಾಯಲ್ಲೆಲ್ಲ ಮಣ್ಣು. ಕೈ ಊತ ಬಂದಿತ್ತು. ಮೊದಲು ಕೇಳಿದ್ದು, “ಫೋನೆಲ್ಲಿ?”

“ಫೋನಿಗೆ ಬೆಂಕಿ ಹಾಕ” ಅಂದಳು ಮುತ್ತಮ್ಮ. ಆಮೇಲೆ ತಾನೇ ಹುಡುಕಿ ತಂದುಕೊಟ್ಟಳು. ಅದಕ್ಕೊಂದು ಗೀರೂ ಆಗಿರಲಿಲ್ಲ.

ಸಂಜೆ ಓನರ್ ಆ ಚಿತ್ರ ನೋಡಿದರು. “ಇಷ್ಟು ದೂರ ಇತ್ತಲ್ಲ! ಆರಾಮಾಗಿ ವಾಪಸ್ ಬರ್ಬಹುದಿತ್ತು” ಅಂದರು. ಗ್ರೂಪಿಗೂ ಹಾಕಿದರು. ಕ್ಯಾಮೆರಾ ಸೂಪರ್ ಎಂದು ಎಷ್ಟೋ ಜನ ಹೆಬ್ಬೆರಳು ಎತ್ತಿದರು. ಕಾಯಿಯ ತೂತಿಗೆಂದು ಬದಲಾದ ಲೆನ್ಸು ಅಗಲದ ಚಿತ್ರಕ್ಕೂ ಬಳಸುವ ಲೆನ್ಸೇ ಆಗಿತ್ತು. ಅದು ಹಿಂದಕ್ಕೆ ಬದಲಾಗದೆ ಹಾಗೇ ಉಳಿದು, ಹತ್ತಿರದ ಆನೆಯನ್ನು ಚಿಕ್ಕದಾಗಿ ತೋರಿಸಿತ್ತು. ಜೀಪಿನ ಪಕ್ಕದ ಕನ್ನಡಿಯಲ್ಲಿ ಹಿಂದಿನ ಬಸ್ಸು ದೂರ ಕಾಣುತ್ತದಲ್ಲ, ಹಾಗೆ. ಇದನ್ನು ನಾನು ವಿವರಿಸಿದರೂ, ಚಿತ್ರ ನೋಡಿದವರು ನನ್ನ ಮಾತು ನಂಬಲಿಲ್ಲ. ನಾವು ಸಾಯಬಹುದಾಗಿದ್ದುದಕ್ಕೆ ಇದ್ದ ಒಂದೇ ಸಾಕ್ಷಿ, ಏನೂ ಆಗಿಲ್ಲ ಎಂದು ಹೇಳುತ್ತಿತ್ತು.

ಮೂರನೆಯ ದಿನ, ಆನೆ ದಾಟಿ ಹೋಗಿದೆ ಎಂದು ಖಚಿತವಾದ ಮೇಲೆ ಮುತ್ತಮ್ಮನ ಜೊತೆ ಅಲ್ಲಿಗೆ ಹೋದೆ. ಆನೆ ನಿಂತಿದ್ದ ಜಾಗದಲ್ಲಿ ಹೆಜ್ಜೆ ಗುರುತು ಇನ್ನೂ ಇತ್ತು. ಅಲ್ಲಿಂದ ಜೋಯಪ್ಪ ಮೊದಲು ನಿಂತಿದ್ದ ಗಿಡದವರೆಗೆ ನಡೆದೆ. ಹದಿನಾಲ್ಕು ಹೆಜ್ಜೆ. ನಾನು ಹೇಳಿದ ಮೇಲೆ ಅವರು ಇಟ್ಟ ಎರಡನ್ನು ಕಳೆದರೆ ಹನ್ನೆರಡು.

ಹಾಳೆಯಲ್ಲಿ ಮೊದಲ ಎರಡರ ಮುಂದೆ ‘ಬಹಳ ಚೆನ್ನಾಗಿದೆ’ ಎಂದು ಬರೆದೆ. ಅದು ನಿಜ. ಮೂರನೆಯದರ ಮುಂದೆ ‘ಆನೆಗೆ ಬೇಡ’ ಎಂದಷ್ಟೇ ಬರೆದೆ. ಈಗಲೂ ಕಾಯಿ ನೋಡಲು ಅದೇ ಫೋನ್ ಬಳಸುತ್ತೇನೆ. ಬಗ್ಗಿದಲ್ಲಿಂದ ಏಳುವ ಮೊದಲು ಫೋನ್ ಕೆಳಗಿಳಿಸಿ, ಸುತ್ತ ಒಮ್ಮೆ ಬರಿಗಣ್ಣಿನಿಂದ ನೋಡುತ್ತೇನೆ.

ಇನ್ನೊಂದು ಮಾತು. ಅವತ್ತು ಸಂಜೆ ಓನರ್, “ಅಷ್ಟು ಅನುಭವ ಇರೋ ನೀವು ಮುಂದೆ ಯಾಕೆ ಹೋದ್ರಿ?” ಎಂದು ಜೋಯಪ್ಪನವರನ್ನು ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಕೈಗೆ ಕಟ್ಟಿದ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಾ, “ನಂಗೇ ಬುದ್ಧಿ ಕೆಟ್ಟಿತ್ತು ಸಾರ್” ಅಂದರು. ನಾನು ಬಾಯಿ ಬಿಡಲಿಲ್ಲ. ಅವರನ್ನು ಮುಂದೆ ಕಳಿಸಿದ್ದು ನಾನು ಎಂದು ಇವತ್ತು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.